ಕಿಸೆಯಿಲ್ಲದ ಏಪ್ರನ್

ನಮ್ಮ ಅವ್ವ ಕೆಲಸ ಮಾಡುವ ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಹೆಂಗಸರಿಗೆ ಕೊಡುವ ಏಪ್ರನ್‌ಗೆ ಕಿಸೆ ಇರುವುದಿಲ್ಲ. ದಿನವಿಡೀ ಪ್ಯಾಂಟಿಗೂ ಜಾಕೆಟ್ಟಿಗೂ ಕಿಸೆ ಹೊಲಿಯುವವರಿಗೆ ತಮ್ಮದು ಅಂತ ಒಂದು ಕಿಸೆ ಇಲ್ಲ. ಯಾಕೆ ಅಂತ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಎಲ್ಲರಿಗೂ ಗೊತ್ತು. ಕಿಸೆ ಇದ್ದರೆ ಗುಂಡಿ, ಜಿಪ್ಪು, ದಾರದ ಉಂಡೆ ಎಲ್ಲ ಮನೆಗೆ ಹೋಗಿಬಿಡುತ್ತವಂತೆ! ಸಂಜೆ ಗೇಟಿನಲ್ಲಿ ಮೈ ತಡವಿ, ಊಟದ ಡಬ್ಬಿ ತೆರೆಸಿ ನೋಡಿಯೇ ಹೊರಗೆ ಬಿಡುತ್ತಾರೆ. ಅದೂ ಸಾಲದು ಅಂತ ಇದೊಂದು.

ಅವ್ವ ಗದಗದ ಕಡೆಯವಳು. ನಾನು ಚಿಕ್ಕವಳಿದ್ದಾಗಲೇ ನನ್ನನ್ನು ಕಟ್ಟಿಕೊಂಡು ಬಂದು, ಚಂದಾಪುರದಲ್ಲಿ ಒಂದು ಕೋಣೆಯ ಬಾಡಿಗೆ ಮನೆ ಹಿಡಿದು, ಹೊಸೂರು ರಸ್ತೆಯ ಈ ಕಾರ್ಖಾನೆ ಸೇರಿದಳು. ನಾನು ಎಲೆಕ್ಟ್ರಾನಿಕ್ ಸಿಟಿಯ ಹತ್ತಿರದ ಫ್ಯಾಷನ್ ಕಾಲೇಜಿಗೆ ಸೇರಿದಾಗ ನಮ್ಮ ಮನೆ ಓನರಮ್ಮ, "ತಾಯಿ ಟೈಲರು, ಮಗಳು ಡಿಸೈನರು. ಪರವಾಗಿಲ್ಲ ಬಿಡ್ರೀ" ಎಂದು ನಕ್ಕರು. ನನಗೂ ಅದು ದೊಡ್ಡ ವಿಷಯವೇ ಅನ್ನಿಸಿತ್ತು. ಕಾಲೇಜಿನಲ್ಲಿ ಮಾತೆತ್ತಿದರೆ ಪರಿಸರ, ನೈತಿಕತೆ, ಕಾರ್ಮಿಕರ ಘನತೆ. ಗೋಡೆಗಳ ಮೇಲೆಲ್ಲ ಅದೇ ಪೋಸ್ಟರ್. ಕಾರ್ಮಿಕರೊಬ್ಬರ ಮುಖವನ್ನು ಹತ್ತಿರದಿಂದ ನೋಡಿದವರು ತರಗತಿಯಲ್ಲಿ ನಾನೊಬ್ಬಳೇ ಇದ್ದೆ.

ಕೊನೆಯ ವರ್ಷದ ಪ್ರಾಜೆಕ್ಟಿಗೆ ಏನು ಮಾಡಲಿ ಎಂದು ತಲೆ ಕೆಡಿಸಿಕೊಂಡಿದ್ದ ದಿನಗಳಲ್ಲೇ ಒಂದು ಸಂಜೆ ಅವ್ವ ಊಟ ಬೇಡ ಎಂದು ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಳು. ಬಲವಂತ ಮಾಡಿದ ಮೇಲೆ ಹೇಳಿದಳು. ಮುಟ್ಟಿನ ದಿನ. ಬ್ಯಾಗುಗಳನ್ನು ಹೊರಗಿನ ಕಪಾಟಿನಲ್ಲಿ ಇಡಬೇಕು, ಪದೇ ಪದೇ ಅಲ್ಲಿಗೆ ಹೋಗಲು ಬಿಡುವುದಿಲ್ಲ. ಹಾಗಾಗಿ ಎಲ್ಲ ಹೆಂಗಸರೂ ಪ್ಯಾಡನ್ನು ಕಾಗದದಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡೇ ಕೂರುತ್ತಾರೆ. ಅವತ್ತು ಎದ್ದು ನಿಂತಾಗ ಅದು ಜಾರಿ ಯಂತ್ರಗಳ ಸಾಲುಗಳ ನಡುವಿನ ದಾರಿಯಲ್ಲಿ ಬಿತ್ತು. ಸೂಪರ್‌ವೈಸರ್ ಅದನ್ನು ಬೂಟಿನ ತುದಿಯಲ್ಲಿ ಅವಳ ಕಡೆಗೆ ತಳ್ಳಿ, "ಏನಮ್ಮಾ, ಇದೂ ಪೀಸ್ ಲೆಕ್ಕಕ್ಕೆ ಸೇರಿಸ್ಬೇಕಾ?" ಎಂದನಂತೆ. ಅವಳ ಹೊಲಿಗೆ ಲೈನಿನ ಗಂಡಸರು ನಕ್ಕರಂತೆ. ಥೂ, ಅವನ ಬಾಯಿಗೆ ಮಣ್ಣು ಹಾಕ.

ಆ ಸಿಟ್ಟಿನಲ್ಲೇ ಕಿಸೆ ಮಾಡಿದೆ. ಯಂತ್ರದ ಮುಂದೆ ಕೂತಾಗ ಬಲಗೈ ಬಟ್ಟೆ ಬಿಡುವ ಹಾಗಿಲ್ಲ, ಅದಕ್ಕೇ ಎಡ ಸೊಂಟದ ಮೇಲೆ ಓರೆಯಾಗಿ ಇಟ್ಟೆ. ನಾಲ್ಕು ಬೆರಳು ಹೋಗುವಷ್ಟೇ ಬಾಯಿ. ಪ್ಯಾಡು, ಮಾತ್ರೆ, ಮನೆಯ ಕೀಲಿ ಹಿಡಿಯುತ್ತದೆ, ದಾರದ ಉಂಡೆ ತೂರುವುದಿಲ್ಲ, ಗುಂಡಿ ಹಾಕಿದರೂ ಗೇಟಿನಲ್ಲಿ ತಡವಿದರೆ ಕೈಗೆ ಸಿಗುತ್ತದೆ. ಇನ್ನು ಕಳ್ಳತನದ ನೆಪ ಹೇಗೆ ಹೇಳುತ್ತಾರೋ ನೋಡೇಬಿಡೋಣ ಅಂದುಕೊಂಡೆ. ಬಗ್ಗಿದರೂ ಒಳಗಿನದು ಬೀಳದ ಹಾಗೆ ಬಾಯಿಯನ್ನು ಕೊಡಲಿಯ ಅಲಗಿನಂತೆ ಬಾಗಿಸಿ, ಅಂಚನ್ನು ಎರಡು ಸಲ ಮಡಿಚಿ ಹೊಲಿದೆ. ಅದೊಂದು ಅಂಚು ನೆಟ್ಟಗೆ ಕೂರಲು ಎಷ್ಟು ಸಲ ಬಿಚ್ಚಿ ಹೊಲಿದೆನೋ. ಅವ್ವ ಹಾಕಿಕೊಂಡು ನೋಡಿದಳು. ಕೈ ಒಳಗಿಟ್ಟು, ಹೊರಗೆ ತೆಗೆದು, ಮತ್ತೆ ಒಳಗಿಟ್ಟು, ಕಪಾಟಿನ ಕನ್ನಡಿಯ ಮುಂದೆ ಅತ್ತಿತ್ತ ತಿರುಗಿ, "ಸಾಹೇಬ್ರಂಗ ಕಾಣಸ್ತೀನೇನ?" ಎಂದು ನಕ್ಕಳು.

ನಮ್ಮ ಪ್ರಾಜೆಕ್ಟುಗಳಿಗೆ ಬಟ್ಟೆ ಕೊಡುತ್ತಿದ್ದದ್ದು ಒಂದು ರಫ್ತು ಕಂಪನಿ. ಬಟ್ಟೆ ಅವರದು, ಹಾಗಾಗಿ ಡಿಸೈನೂ ಅವರದೇ ಅನ್ನುವುದು ಕಾಲೇಜಿನ ಪದ್ಧತಿ. ಅವ್ವನ ಕಾರ್ಖಾನೆ ಅವರ ಕಾರ್ಖಾನೆಗಳಲ್ಲೇ ಒಂದು. ಅದಕ್ಕಾಗಿಯೇ ನನಗೆ ಅಷ್ಟು ಆಸೆ ಹುಟ್ಟಿದ್ದು. ಅವರು ಮನಸ್ಸು ಮಾಡಿದರೆ ಅವ್ವನ ಏಪ್ರನ್‌ಗೆ ನಾಳೆಯೇ ಕಿಸೆ ಬರುತ್ತಿತ್ತು.

ಪ್ರಾಜೆಕ್ಟುಗಳ ತೀರ್ಪಿನ ದಿನ ಕಂಪನಿಯಿಂದ ಬಂದಿದ್ದ ಸಾಹೇಬರು ನನ್ನ ಏಪ್ರನ್ ಹಿಡಿದು ಬಹಳ ಹೊತ್ತು ನೋಡಿದರು. ನಾನು ಅವ್ವನ ಕಥೆ ಹೇಳಿದೆ. ಪ್ರಾಜೆಕ್ಟ್ ನೋಡಿಕೊಳ್ಳುವ ನಮ್ಮ ಕಾಲೇಜಿನ ಮೇಡಂ ಕಣ್ಣು ಒರೆಸಿಕೊಂಡು, "ಸ್ಟೋರಿ ತುಂಬಾ ಸ್ಟ್ರಾಂಗ್ ಇದೆ ಕಣಮ್ಮ" ಎಂದರು. ನನ್ನ ಅವ್ವ ಅವರಿಗೆ ಸ್ಟೋರಿಯಾದಳು. ಮೊದಲ ಬಹುಮಾನ ನನಗೇ ಬಂತು. ನಾನು ಸಾಹೇಬರ ಹಿಂದೆಯೇ ಲಿಫ್ಟಿನ ತನಕ ಹೋಗಿ, "ಸಾರ್, ಇದನ್ನ ನಿಮ್ಮ ಕಾರ್ಖಾನೆ ಹೆಂಗಸ್ರಿಗೆ ಕೊಡ್ತೀರಲ್ವಾ?" ಎಂದು ಕೇಳಿದೆ. "ನೋಡೋಣಮ್ಮ, ಖಂಡಿತ ನೋಡೋಣ. ಒಳ್ಳೆ ಕೆಲಸ ಮಾಡಿದೀಯಾ" ಎಂದು ಬೆನ್ನು ತಟ್ಟಿ ಹೋದರು. ನಾನು ಪೆದ್ದಿ, ನಂಬಿದೆ. ಮನೆಗೆ ಓಡಿ ಬಂದು ಅವ್ವನಿಗೆ ಹೇಳಿದೆ, ಅವ್ವ ಲೈನಿಗೆಲ್ಲ ಹೇಳಿದಳು.

ಅಲ್ಲಿಂದ ಶುರುವಾಯಿತು ನೋಡಿ. ತಿಂಗಳುಗಟ್ಟಲೆ ಲೈನಿನವರು ಅವ್ವನನ್ನು ಕಾಡಿದರು. "ಏನಕ್ಕಾ, ನಿನ್ ಮಗ್ಳ ಜೇಬು ಎಲ್ಗಂಟ ಬಂತು? ಬಸ್ ಸಿಗ್ಲಿಲ್ವಾ?" ಅವ್ವ ಬಂದು ಅದನ್ನೇ ನನಗೆ ಒಪ್ಪಿಸುವಳು. ನಾನು ಮೇಡಂಗೆ ಫೋನ್ ಮಾಡುವೆ. ಕೊನೆಗೊಮ್ಮೆ ಅವರು ಬೇಸತ್ತು ಹೇಳಿದರು, "ಏಪ್ರನ್‌ಗೆ ಬೇಡ ಅಂದ್ಬಿಟ್ರು ಕಣಮ್ಮ. ಜೇಬು ಅಂದ್ರೆ ಸೆಕ್ಯುರಿಟಿಯವ್ರು ಒಪ್ಪಲ್ವಂತೆ. ಆದ್ರೆ ನಿನ್ ಡಿಸೈನ್ ಅವ್ರಿಗೆ ಹಿಡ್ಸಿದೆ, ಅದು ಸಣ್ಣ ವಿಷ್ಯ ಅಲ್ಲ." ಸಣ್ಣದಲ್ಲವಂತೆ. ಅವ್ವನಿಗೆ ಹೇಗೆ ಹೇಳುವುದೆಂದು ತಿಳಿಯದೆ ದಿನ ದೂಡಿದೆ.

ಹೇಳುವ ಪ್ರಮೇಯವೇ ಬರಲಿಲ್ಲ. ಕಳೆದ ತಿಂಗಳು ಅವ್ವ ಕೆಲಸದಿಂದ ಬಂದವಳೇ ಚಪ್ಪಲಿ ಬಿಡುತ್ತಾ, "ನಿನ್ನ ಕಿಸೆ ಬಂದೈತಿ ನೋಡು ನಮ್ಮ ಲೈನಿಗೆ" ಎಂದಳು.

"ಖರೇನ? ಏಪ್ರನ್ ಕೊಟ್ಟರೇನು?"

"ಏಪ್ರನ್ ಎಲ್ಲೀದು? ಫಾರಿನ್ ಹೆಣ್ಣಮಕ್ಕಳ ಜಾಕೀಟಿಗೆ. ಎಡಕ್ಕ, ಓರೆ, ಬಾಗಿದ ಬಾಯಿ. ನೋಡಿದ ಕೂಡ್ಲೆ ಗುರ್ತ ಹಿಡದೆ. ಎಲ್ಲಾರೂ, ಬಂತಕ್ಕಾ ನಿನ್ ಮಗ್ಳ ಜೇಬು ಅಂತ ಚಪ್ಪಾಳಿ ಹೊಡದ್ರು."

"ಹೊಲಿಯಾಕತ್ತಿದ್ದು ಯಾರು?"

"ನಾನ."

ಬಾಯಿಗೆ ಬಂದಂತೆ ಬೈದೆ, ಕಂಪನಿಗೆ, ಕಾಲೇಜಿಗೆ, ಗೋಡೆಯ ಪೋಸ್ಟರಿಗೆ, ಕಣ್ಣೊರೆಸಿಕೊಂಡ ಮೇಡಂಗೆ. ಯಾವಳೋ ಕಂಡು ಕೇಳದ ಊರಿನವಳು ನನ್ನ ಕಿಸೆಯಲ್ಲಿ ಕೈ ಇಟ್ಟುಕೊಂಡು ತಿರುಗಲಿ ಅಂತ ನಾನು ಅದನ್ನು ಮಾಡಿದ್ದೇ? ಅವ್ವ ಸಿಟ್ಟಾಗಲಿಲ್ಲ. ಅದೇ ನನಗೆ ಇನ್ನೂ ಉರಿಯಿತು. ಅವಳು ಗೋಡೆಗೆ ಒರಗಿ ಕಾಲು ಚಾಚಿ ಕೂತು, ಮೊಣಕಾಲು ನೀವಿಕೊಳ್ಳುತ್ತಿದ್ದಳು.

"ಆ ಬಾಗಿದ ಅಂಚು ಎರಡು ಸಲ ಮಡಚಾಕ ಭಾಳ ಹೊತ್ತು ಹಿಡೀತೈತಿ," ಎಂದಳು. "ತಾಸಿನ ಟಾರ್ಗೆಟ್ ಮುಟ್ಟವಲ್ದು. ಆ ಸೂಪರ್‌ವೈಸರ ಹಿಂದ ಬಂದು ನಿಂತ ಬಿಡ್ತಾನ. ಇವತ್ತ ಹೊರಗಾಗೀನಿ, ಪ್ಯಾಡ್ ಬದಲಿ ಮಾಡಾಕೂ ಏಳಗೊಡಲಿಲ್ಲ."

ಸೊಂಟದಿಂದ ಕಾಗದ ಸುತ್ತಿದ ಪ್ಯಾಡನ್ನು ತೆಗೆದಳು. ಬೆಳಿಗ್ಗೆ ಸಿಕ್ಕಿಸಿಕೊಂಡದ್ದು, ಬಿಚ್ಚಿಯೇ ಇರಲಿಲ್ಲ. ಅದನ್ನು ಕೈಯಲ್ಲಿ ಹಿಡಿದು ಬಚ್ಚಲಿನ ಕಡೆ ಹೋಗುತ್ತಾ, ನನಗೆ ನೋವಾಗದಿರಲಿ ಅಂತಲೋ ಏನೋ, ಮೆತ್ತಗೆ ಹೇಳಿದಳು.

"ಮುಂದ ಏನರ ಮಾಡಿದರ, ಕಿಸೆ ಒಂದ ಇಡಬ್ಯಾಡವಾ."