ಮೊಹಿಂಗಾ ಯಿನ್ ಶ್ವೆ ಬರೆದ ತೀರ್ಪು

ಡೋ ಯಿನ್ ಶ್ವೆಯ ಬಾಯಿಗೆ ಬಿದ್ದ ಪುಸ್ತಕ ಬದುಕಿ ಉಳಿಯುವುದು ಕಷ್ಟ ಎಂದು ಬರ್ಮಾದ ಮೌಲಮೈನಿನ ನಮ್ಮ ಓಣಿಯಲ್ಲಿ ಆಗ ಎಲ್ಲರೂ ಹೇಳುತ್ತಿದ್ದರು. ಅವಳು ಓದಿದ್ದು ನಾಲ್ಕನೇ ತರಗತಿ. ಮಾಡುತ್ತಿದ್ದದ್ದು ಮೊಹಿಂಗಾ ವ್ಯಾಪಾರ. ಬೆಳಗಾಗುತ್ತಲೇ ಮೀನಿನ ಸಾರಿನ ಹಂಡೆ, ಅಕ್ಕಿ ಶಾವಿಗೆ, ಸೋರೆಕಾಯಿ ಬೋಂಡಾ ಇಟ್ಟುಕೊಂಡು ಮರದ ಕೆಳಗೆ ಕೂತರೆ ಒಂಬತ್ತಕ್ಕೆಲ್ಲ ಹಂಡೆ ಖಾಲಿ. ಆಮೇಲೆ ಮನೆಗೆ ಹೋಗಿ, ಮೀನಿನ ವಾಸನೆ ಹೋಗುವ ತನಕ ಕೈ ಉಜ್ಜಿ ತೊಳೆದು, ಕೆನ್ನೆಗೆ ತನಾಖಾ ಗಂಧ ಬಳಿದುಕೊಂಡು ಪುಸ್ತಕ ಹಿಡಿದಳೆಂದರೆ ಮುಗಿಯಿತು, ಭೂಮಿ ಬಾಯಿಬಿಟ್ಟರೂ ಏಳುವವಳಲ್ಲ.

ಆ ಕಾಲವೇ ಹಾಗಿತ್ತು. ಯಾರ ಮನೆಯಲ್ಲೂ ಸ್ವಂತ ಪುಸ್ತಕವಿರಲಿಲ್ಲ, ಆದರೆ ಓದದ ಮನೆಯೂ ಇರಲಿಲ್ಲ. ಓಣಿಗೆಲ್ಲ ಇದ್ದದ್ದು ಊ ಪೋ ಲಿನ್‌ನ ಬಾಡಿಗೆ ಪುಸ್ತಕದಂಗಡಿ ಒಂದೇ. ಹೊಸ ಕಾದಂಬರಿ ಬಂತೆಂದರೆ ಹೆಂಗಸರು ಒಲೆ ಮೇಲಿನ ಅನ್ನ ಬಿಟ್ಟು ಓಡುತ್ತಿದ್ದರು. ಪೋ ಲಿನ್ ಮಹಾ ಜಾಣ. ದಪ್ಪ ಪುಸ್ತಕ ಬಂದರೆ ಬೆನ್ನಿಗೆ ಚಾಕು ಹಾಕಿ ಎರಡು ಭಾಗ ಮಾಡಿ, ಹಳೆಯ ಪುಸ್ತಕಗಳಿಂದ ಕಿತ್ತ ರಟ್ಟು ಹಾಕಿ, ದಪ್ಪ ದಾರದಲ್ಲಿ ಹೊಲಿದು, ಬೆನ್ನ ಮೇಲೆ ಒಂದು, ಎರಡು ಎಂದು ಮಸಿಯಲ್ಲಿ ಬರೆಯುತ್ತಿದ್ದ. ಒಂದೇ ಪುಸ್ತಕ, ಒಂದೇ ಹೊತ್ತಿಗೆ ಇಬ್ಬರು ಓದುಗರು. ಹೊಲಿಯುವಾಗ ಕೊನೆಗೊಂದು ಖಾಲಿ ಹಾಳೆಯನ್ನೂ ಸೇರಿಸುತ್ತಿದ್ದ. ಓದಿದವರು ಆ ಹಾಳೆಯಲ್ಲಿ ತಮಗನಿಸಿದ್ದನ್ನು ಪೆನ್ಸಿಲಿನಲ್ಲಿ ಗೀಚಬೇಕು, ಮುಂದಿನವರು ಅದನ್ನು ನೋಡಿ ಒಯ್ಯಬೇಕು. ಬೇರೆಯವರೆಲ್ಲ ‘ಚೆನ್ನಾಗಿದೆ’, ‘ಪರವಾಗಿಲ್ಲ’ ಎಂದು ಗೀಚಿ ಕೈತೊಳೆದುಕೊಳ್ಳುತ್ತಿದ್ದರು. ಯಿನ್ ಶ್ವೆ ಮಾತ್ರ ತೀರ್ಪು ಬರೆಯುತ್ತಿದ್ದಳು.

‘ನಾಯಕಿ ಐದು ಸಲ ಮೂರ್ಛೆ ಹೋಗುತ್ತಾಳೆ. ಮೊದಲು ಇವಳಿಗೆ ಯಾರಾದರೂ ಊಟ ಹಾಕಿ.’

‘ಚಿನ್ನದ ಬಳೆ ಹಾಕಿಕೊಂಡು ಮೀನು ಕೆರೆಯುತ್ತಾಳಂತೆ. ಬರೆದವನು ಜನ್ಮದಲ್ಲಿ ಮೀನು ಮುಟ್ಟಿಲ್ಲ.’

‘ಪತ್ತೇದಾರನಿಗಿಂತ ಮೊದಲು ಕೊಲೆಗಾರ ನನಗೆ ಸಿಕ್ಕಿದ. ಮೂರನೇ ಪುಟದಲ್ಲೇ ಅಡುಗೆಯವನನ್ನು ಅಷ್ಟೊಂದು ಹೊಗಳಿದರೆ ಇನ್ಯಾರು ಕೊಂದಿರುತ್ತಾರೆ?’

‘ದೆವ್ವ ಒಳ್ಳೆಯದು. ಗಂಡನಿಗಿಂತ ಸಾವಿರ ಪಾಲು ವಾಸಿ. ಧೈರ್ಯವಾಗಿ ಓದಿ.’

ಪುಸ್ತಕ ಓದದಿದ್ದರೂ ಈ ಹಾಳೆ ಓದಲೆಂದೇ ಅಂಗಡಿಗೆ ಬರುವವರಿದ್ದರು. ಪೋ ಲಿನ್‌ಗೆ ಮಾತ್ರ ಹೊಟ್ಟೆಯುರಿ.

“ತಾಯಿ, ನೀನು ಹಿಂಗೇ ಬರೀತಾ ಹೋದ್ರೆ ನಾನು ಅಂಗಡಿಗೆ ಬೀಗ ಜಡಿದು ನಿನ್ನ ಪಕ್ಕ ಬೋಂಡಾ ಕರಿಯೋಕೆ ಕೂತ್ಕೋಬೇಕು.”

“ಕೆಟ್ಟ ಪುಸ್ತಕ ತರಬೇಡಿ ಅಣ್ಣ. ನಾನು ಕೆಟ್ಟ ಮೀನು ತರ್ತೀನಾ?”

ಅವಳ ಜೀವದ ಗೆಳತಿ ಸೇನ್ ಮ್ಯಾ ಎರಡು ಮನೆ ಆಚೆ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದಳು. ಮಧ್ಯಾಹ್ನದ ಹೊತ್ತು ಒಬ್ಬಳು ಬೆಳ್ಳುಳ್ಳಿ ಬಿಡಿಸುತ್ತಾ ಕೂತರೆ ಇನ್ನೊಬ್ಬಳು ಗಟ್ಟಿಯಾಗಿ ಓದಬೇಕು. ಸೇನ್ ಮ್ಯಾಗೆ ಅಳಿಸುವ ಕಥೆಯೇ ಆಗಬೇಕು, ಯಿನ್ ಶ್ವೆಗೆ ಅಳುವವರನ್ನು ಕಂಡರೆ ಮೈಯುರಿ.

“ಇವ್ನು ಸಾಯ್ತಾನೆ ನೋಡು, ಕೆಮ್ಮು ಶುರುವಾಯ್ತು,” ಎಂದು ಯಿನ್ ಶ್ವೆ ಮೂವತ್ತನೇ ಪುಟದಲ್ಲೇ ಹೇಳಿಬಿಡುವಳು.

“ಥೂ, ನಿನ್ನ ಬಾಯಿಗೆ ಹುಳ ಬೀಳ! ಸ್ವಲ್ಪ ಹೊತ್ತಾದ್ರೂ ಬದುಕಿರೋಕೆ ಬಿಡೇ ಅವನ್ನ.”

ಎಂಥಾ ಮಧ್ಯಾಹ್ನಗಳಪ್ಪ ಅವು! ಸೇನ್ ಮ್ಯಾಳನ್ನು ಮದುವೆಯಾಗಬೇಕಿದ್ದ ಹುಡುಗ ಹಡಗು ಹತ್ತಿ ಹೋದವನು ಒಂದು ಕಾಗದವನ್ನೂ ಹಾಕದೆ ಕಾಣೆಯಾದಾಗ, ಅವಳನ್ನು ಮೂರು ತಿಂಗಳು ದಿನಾ ಬೆಳಗ್ಗೆ ಎಳೆದು ತಂದು ಹಂಡೆಯ ಪಕ್ಕ ಕೂರಿಸಿಕೊಂಡು ಉಣ್ಣಿಸಿದವಳು ಇದೇ ಯಿನ್ ಶ್ವೆ.

ಇದಾಗಿ ಕೆಲವು ವರ್ಷಕ್ಕೆ ಸೇನ್ ಮ್ಯಾ ತಾನೇ ಒಂದು ಕಾದಂಬರಿ ಬರೆದಳು. ಹೆಸರು ‘ಬಿಲು ದ್ವೀಪದ ಕಡೇ ದೋಣಿ’. ಯಾಂಗೋನಿನಲ್ಲಿ ಯಾರೋ ಪುಣ್ಯಾತ್ಮ ಅಚ್ಚು ಹಾಕಿದ. ಗೆಳತಿಗೆ ಅವಳು ಅದನ್ನು ಮೊದಲೇ ತೋರಿಸಲಿಲ್ಲ. “ಅಂಗಡಿಯಿಂದ ತಗೊಂಡು ಓದು. ಎಲ್ಲರಿಗೂ ಬರೆಯೋ ಹಾಗೆ ನನಗೂ ಬರಿ,” ಎಂದಳಷ್ಟೆ. ಮುಖದಲ್ಲಿ ಏನೋ ನಗು ಅಡಗಿಸಿಕೊಂಡಿದ್ದಳು.

ಯಿನ್ ಶ್ವೆ ಒಯ್ದು ಓದಿದಳು. ಒಬ್ಬ ಹುಡುಗಿ ಜೆಟ್ಟಿಯ ಮೇಲೆ ಕೂತು ನಾವಿಕನಿಗಾಗಿ ಅಳುತ್ತಾಳೆ. ನೂರು ಪುಟ ಬರೀ ಅಳು. ಕೊನೆಗೆ ದ್ವೀಪಕ್ಕೆ ಹೋಗುವ ಕಡೇ ದೋಣಿಯೂ ಹೊರಟುಬಿಡುತ್ತದೆ, ಹುಡುಗಿ ಅಲ್ಲೇ ಕೂತಿರುತ್ತಾಳೆ. ಮುಗಿಯಿತು. ಬೆನ್ನ ಮೇಲೆ ಒಂದು, ಎರಡು ಎಂಬ ಅಂಕಿ ಇರಲಿಲ್ಲ. ಪುಸ್ತಕ ಇಷ್ಟೇ ಎಂದುಕೊಂಡಳು. ಹೀಗೆ ತಲೆಬುಡವಿಲ್ಲದೆ ನಿಲ್ಲಿಸುವುದೇ ದೊಡ್ಡ ಸಾಹಿತ್ಯ ಎಂಬ ಗಾಳಿ ಆಗ ಬೇರೆ ಬೀಸುತ್ತಿತ್ತು. ಇವಳಿಗೂ ಆ ಗಾಳಿ ತಗಲಿತಲ್ಲ ಎಂದು ಅವಳಿಗೆ ಸಿಟ್ಟು ಬಂತು.

ಬರೆಯಲೋ ಬೇಡವೋ ಎಂದು ಎರಡು ದಿನ ಒದ್ದಾಡಿದಳು. ಗೆಳತಿಯೆಂದು ಸುಳ್ಳು ಬರೆದರೆ ನಾಳೆ ತನ್ನ ಮಾತನ್ನು ಯಾರು ನಂಬುತ್ತಾರೆ? ಹೀಗೆಂದುಕೊಂಡು, ಪುಣ್ಯಾತ್ಗಿತ್ತಿ, ಪೆನ್ಸಿಲ್ ಚೂಪು ಮಾಡಿ ಬರೆದೇಬಿಟ್ಟಳು: ‘ಕೊನೆಯ ತನಕ ಓದಿದೆ. ಈ ಪುಸ್ತಕದಲ್ಲಿ ಜೀವ ಇರುವ ಮನುಷ್ಯರು ಒಬ್ಬರೂ ಇಲ್ಲ.’ ಗೆಳತಿಯನ್ನು ಕರೆದು ಕಿವಿ ಹಿಂಡಿ ಒಂದು ಮಾತು ಕೇಳಬಹುದಿತ್ತಲ್ಲ? ಊಹೂಂ. ನ್ಯಾಯಾಧೀಶಳಿಗೆ ಅಷ್ಟು ಪುರುಸೊತ್ತಿರಲಿಲ್ಲ.

ಆ ತೀರ್ಪು ಓಣಿಯವರ ಬಾಯಿಂದ ಸಂಜೆಗೇ ಸೇನ್ ಮ್ಯಾಳ ಕಿವಿಗೆ ಬಿತ್ತು. ಮಾರನೆಯ ಬೆಳಗ್ಗೆ ಅವಳು ಮೊಹಿಂಗಾಗೆ ಬರಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ವಾರ ಕಳೆಯುವುದರೊಳಗೆ ಹೊಲಿಗೆ ಯಂತ್ರವನ್ನು ಸೈಕಲ್ ರಿಕ್ಷಾಕ್ಕೆ ಹೇರಿಕೊಂಡು ಮಾರುಕಟ್ಟೆಯ ಹಿಂದಿನ ಬೀದಿಗೆ ಹೊರಟುಹೋದಳು. ‘ಸತ್ಯ ಹೇಳಿದರೆ ಸಂಬಂಧ ಕೆಡುತ್ತೆ ಅಂದ್ರೆ ಕೆಡಲಿ’ ಎಂದು ಇವಳು ಬಿಗಿದುಕೊಂಡಳು. ಅವಳೂ ಸೋಲಲಿಲ್ಲ. ಪಗೋಡದ ಮೆಟ್ಟಿಲಲ್ಲಿ ಎದುರಾದರೆ ಒಬ್ಬಳು ನದಿ ನೋಡುವಳು, ಇನ್ನೊಬ್ಬಳು ಗಂಟೆ ನೋಡುವಳು. ಹೀಗೇ ಇಪ್ಪತ್ತೆರಡು ವರ್ಷ ಕಳೆಯಿತು. ಯಿನ್ ಶ್ವೆ ಆಮೇಲೂ ಓದಿದಳು, ತೀರ್ಪನ್ನೂ ಬರೆದಳು. ಆದರೆ ಮಧ್ಯಾಹ್ನ ಗಟ್ಟಿಯಾಗಿ ಓದುವುದು ನಿಂತಿತು. ಬೆಳ್ಳುಳ್ಳಿ ಬಿಡಿಸುವಾಗ ಬಾಯಿಗೆ ಬಂದ ಬೈಗುಳವನ್ನು ಕೇಳಿಸಿಕೊಳ್ಳಲು ಯಾರೂ ಇಲ್ಲದೆ ಅದನ್ನು ನುಂಗಿಕೊಳ್ಳುತ್ತಿದ್ದಳು.

ಆಮೇಲೆ ಮೊಬೈಲು ಬಂತು. ಸಂತೆಯಲ್ಲಿ ಸೊಪ್ಪು ಮಾರುವವಳೂ ಬೆರಳಲ್ಲಿ ಗಾಜು ಉಜ್ಜತೊಡಗಿದಳು. ಊ ಪೋ ಲಿನ್‌ಗೂ ಕಣ್ಣು ಮಂಜಾಗಿತ್ತು. ಒಂದು ದಿನ ಬೆಳಗ್ಗೆ ಅವನು ಮೊಹಿಂಗಾ ಉಣ್ಣುತ್ತಾ ಹೇಳಿದ:

“ಅಂಗಡಿ ಮುಚ್ತಾ ಇದೀನಮ್ಮ. ಕಾಗದ ತೂಕಕ್ಕೆ ಹಾಕೋ ಮುಂಚೆ ನಿನಗೆ ಬೇಕಾದ್ದು ಆರಿಸ್ಕೊ.”

ಅವಳು ಬುಟ್ಟಿ ಹಿಡಿದು ಹೋದಳು. ಕಪಾಟುಗಳ ಮುಂದೆ ನಿಂತರೆ ಒಂದೊಂದು ಬೆನ್ನೂ ಗುರುತಿನದು. ಇದನ್ನು ಓದುವಾಗ ಸಾರು ಸೀದಿತ್ತು, ಇದನ್ನು ಓದಿದ ವರ್ಷ ನೆರೆ ಬಂದಿತ್ತು. ಯಾವುದನ್ನು ತೆಗೆದುಕೊಳ್ಳುವುದು, ಯಾವುದನ್ನು ಬಿಡುವುದು? ಕಣ್ಣು ತುಂಬಿ ಬಂತು. ಪೋ ಲಿನ್ ಅವಳನ್ನು ನಗಿಸಲು ನೋಡಿದ.

“ಈ ಅಂಗಡೀಲಿ ನೀನು ಓದದೆ ಬಿಟ್ಟಿದ್ದು ಅಂದ್ರೆ ಅದೊಂದೇ ನೋಡು. ‘ಬಾತುಕೋಳಿ ಸಾಕಣೆ’. ನೀನೇನು, ಹುಟ್ಟಿದಾಗಿಂದ ಅದನ್ನ ಯಾರೂ ಮುಟ್ಟಿಲ್ಲ.”

“ಅದನ್ನೂ ಬಿಡಲ್ಲ, ಕೊಡಿ ಇಲ್ಲಿ. ಬಾತುಕೋಳಿಗೂ ಒಂದು ತೀರ್ಪು ಬೇಕಲ್ಲ.”

ಧೂಳು ಕೊಡವಿ ಅಲ್ಲೇ ಮಣೆಯ ಮೇಲೆ ಕೂತು ರಟ್ಟು ತೆರೆದಳು. ಒಳಗೆ ಬಾತುಕೋಳಿ ಇರಲಿಲ್ಲ. ಮೊದಲ ಪುಟದ ಅಂಕಿಯೇ ನೂರ ಹದಿಮೂರು. ‘ದೋಣಿ ಕಣ್ಮರೆಯಾಯಿತು. ಜೆಟ್ಟಿಯ ಮೇಲೆ ಮೊಹಿಂಗಾ ಮಾರುವ ಹೆಂಗಸು ಅಳುವ ಹುಡುಗಿಯನ್ನು ನೋಡಿ ಸೌಟು ಕೆಳಗಿಟ್ಟಳು.’

ಯಿನ್ ಶ್ವೆ ರಟ್ಟನ್ನು ಮಗುಚಿ ನೋಡಿದಳು. “ಅಣ್ಣ, ಇದು ಸೇನ್ ಮ್ಯಾ ಪುಸ್ತಕದ ಎರಡನೇ ಭಾಗ.”

ಪೋ ಲಿನ್ ಅದನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದ, ಮೂಸಿಯೂ ನೋಡಿದ. “ಅಯ್ಯೋ ನನ್ನ ಕರ್ಮವೇ. ನಮ್ಮ ಓಣಿಯವಳ ಪುಸ್ತಕ ಅಂತ ಖುಷೀಲಿ ಅವಸರವಾಗಿ ಹೊಲಿದಿದ್ದೆ. ಬಾತುಕೋಳಿ ರಟ್ಟು ಹಾಕ್ಬಿಟ್ಟೆನಾ? ಎರಡಕ್ಕೂ ಅಂಕಿ ಹಾಕೋದೂ ಮರೆತೆ. ನೀನು ಹಂಗೆ ಬರೆದ ಮೇಲೆ ಅದನ್ನ ಯಾರೂ ಒಯ್ಯಲೂ ಇಲ್ಲ, ನಾನು ತಿರುಗಿ ನೋಡಲೂ ಇಲ್ಲ.”

ಅವಳಿಗೆ ಅವನ ಮಾತು ಕೇಳಿಸಲಿಲ್ಲ. ಓದುತ್ತಿದ್ದಳು. ತಲೆಗೆ ಟವೆಲು ಸುತ್ತಿಕೊಂಡ ಆ ಹೆಂಗಸು ಹಂಡೆಯ ಪಕ್ಕ ಸದಾ ಒಂದು ಪುಸ್ತಕ ಮಗುಚಿಟ್ಟಿರುತ್ತಾಳೆ. ಚೌಕಾಸಿ ಮಾಡಿದವರಿಗೆ ಮಂಗಳಾರತಿ ಎತ್ತುತ್ತಾಳೆ. ‘ಆ ಕಡೆ ತಿರುಗಿ ಅಳು, ಸಾರಿಗೆ ಉಪ್ಪು ಜಾಸ್ತಿಯಾಗುತ್ತೆ’ ಎಂದು ಹುಡುಗಿಯನ್ನು ಗದರುತ್ತಾಳೆ. ಗದರುತ್ತಲೇ ಅವಳ ಬಟ್ಟಲಿಗೆ ಎರಡು ಬೋಂಡಾ ಹೆಚ್ಚು ಹಾಕುತ್ತಾಳೆ. ಪುಟ ಪುಟಕ್ಕೂ ಹುಡುಗಿಯನ್ನು ಜುಟ್ಟು ಹಿಡಿದು ಬದುಕಿಗೆ ಎಳೆದು ತರುತ್ತಾಳೆ. ಕೊನೆಗೆ ನಾವಿಕ ಬರುವುದಿಲ್ಲ. ಹುಡುಗಿಗೆ ಅವನು ಬೇಕೂ ಆಗಿರುವುದಿಲ್ಲ.

ಉಪ್ಪಿನ ಆ ಮಾತು ಯಿನ್ ಶ್ವೆಯದೇ. ಆ ಮೂರು ತಿಂಗಳಲ್ಲಿ ದಿನಾ ಹೇಳಿದ್ದಳು, ಹೇಳಿ ಮರೆತಿದ್ದಳು. ಸೇನ್ ಮ್ಯಾ ಮರೆತಿರಲಿಲ್ಲ. ಅವಳು ಗೆಳತಿಯನ್ನು ಇಷ್ಟು ಪ್ರೀತಿಯಿಂದ ಬರೆದು ಕೈಗಿಟ್ಟಿದ್ದಾಳೆ. ಆ ಗೆಳತಿ ‘ಕೊನೆಯ ತನಕ ಓದಿದೆ’ ಎಂದು ಸಹಿ ಹಾಕಿ, ಜೀವ ಇರುವವರು ಒಬ್ಬರೂ ಇಲ್ಲ ಎಂದು ಬರೆದುಕೊಟ್ಟಿದ್ದಾಳೆ. ಯಿನ್ ಶ್ವೆ ಪುಸ್ತಕವನ್ನು ಎದೆಗವಚಿಕೊಂಡು, ಮುಚ್ಚುವ ಅಂಗಡಿಯ ಮಣೆಯ ಮೇಲೆ ಕೂತು, ಮೂಗು ಸೋರುವಷ್ಟು ಅತ್ತಳು. ಪುಸ್ತಕಕ್ಕಾಗಿ ಅವಳು ಅತ್ತದ್ದು ಅದೇ ಮೊದಲು.

ಆ ಮಧ್ಯಾಹ್ನವೇ ಹೊರಟಳು. ನಮ್ಮಲ್ಲಿ ಜಗಳ ಬಗೆಹರಿಸಿಕೊಳ್ಳಲು ಹೋಗುವವರು ಲಪೆ ಒಯ್ಯುತ್ತಾರೆ. ಹುಳಿ ಬರಿಸಿದ ಚಹಾ ಎಲೆ, ಜೊತೆಗೆ ಹುರಿದ ಬೆಳ್ಳುಳ್ಳಿ, ಎಳ್ಳು. ಎದುರಿನವರು ಅದನ್ನು ಬಾಯಿಗಿಟ್ಟರೆ ಜಗಳ ತೀರಿತೆಂದು ಲೆಕ್ಕ. ಲಪೆ ಡಬ್ಬಿಯನ್ನೂ ಆ ಪುಸ್ತಕವನ್ನೂ ಎದೆಗೆ ಒತ್ತಿಕೊಂಡು ಮಾರುಕಟ್ಟೆಯ ಹಿಂದಿನ ಬೀದಿಗೆ ಹೋದಳು. ತನ್ನನ್ನು ಒಳಗೆ ಕರೆಯದಿದ್ದರೆ ಇನ್ನು ಈ ಜನ್ಮಕ್ಕೆ ಗೆಳತಿಯಿಲ್ಲ ಎಂದು ಅವಳಿಗೆ ಗೊತ್ತಿತ್ತು.

ಸೇನ್ ಮ್ಯಾ ಲುಂಗಿಯ ಅಂಚು ಹೊಲಿಯುತ್ತಿದ್ದಳು. ಕೂದಲೆಲ್ಲ ಬೆಳ್ಳಗಾಗಿತ್ತು. ತಲೆಯೆತ್ತಿ ನೋಡಿದಳು, ಯಂತ್ರ ನಿಲ್ಲಿಸಲಿಲ್ಲ.

“ಯಾರು ಸತ್ರು?”

“ಯಾರೂ ಸತ್ತಿಲ್ಲ. ಲಪೆ ತಂದಿದೀನಿ.”

ಸೇನ್ ಮ್ಯಾ ಡಬ್ಬಿ ಎಳೆದುಕೊಂಡು ಒಂದು ಚಿಟಿಕೆ ಬಾಯಿಗೆ ಹಾಕಿದಳು. “ತಿಂದೆ ಅಂತ ರಾಜಿ ಆಯ್ತು ಅಂದ್ಕೋಬೇಡ. ಮಧ್ಯಾಹ್ನ ಉಂಡಿಲ್ಲ, ಹಸಿವು.”

ಯಿನ್ ಶ್ವೆ ನಿಂತೇ ಎಲ್ಲ ಹೇಳಿದಳು. ಕತ್ತರಿಸಿದ ಪುಸ್ತಕ, ಅಂಕಿಯಿಲ್ಲದ ಬೆನ್ನು, ಬಾತುಕೋಳಿ ರಟ್ಟು. ಹೇಳುತ್ತಾ ಹೇಳುತ್ತಾ ಯಂತ್ರದ ಸದ್ದು ನಿಂತುಹೋಗಿದ್ದು ಅವಳಿಗೆ ಗೊತ್ತಾಯಿತು.

“ಅರ್ಧ ಓದಿ ಬರೆದೆಯಾ?” ಎಂದಳು ಸೇನ್ ಮ್ಯಾ. “ಆ ಮೊಹಿಂಗಾದವಳು ನೀನೇ ಅಂತ ಗುರುತು ಹಿಡಿದೆ, ನಾನು ನಿನ್ನ ಬಗ್ಗೆ ಬರೆದಿದ್ದು ನಿನಗೆ ಹೇಸಿಗೆಯಾಯ್ತು ಅಂದ್ಕೊಂಡಿದ್ದೆ. ಈ ಇಪ್ಪತ್ತೆರಡು ವರ್ಷವೂ ಅದನ್ನೇ ಅಂದ್ಕೊಂಡೆ ಕಣೇ.”

“ಒಂದು ಮಾತು ಬಂದು ಬೈದಿದ್ರೆ ಆಗ್ತಿರಲಿಲ್ವಾ?”

“ನೀನು ಬಂದು ಒಂದು ಮಾತು ಕೇಳಿದ್ರೆ ಆಗ್ತಿರಲಿಲ್ವಾ?”

ಬೀದಿಯಲ್ಲಿ ಯಾರೋ ಐಸ್ ಮಾರುತ್ತಾ ಹೋದರು.

“ಸರಿ, ಈಗ ಪೂರ್ತಿ ಓದಿದೀಯಲ್ಲ,” ಎಂದಳು ಸೇನ್ ಮ್ಯಾ, ಸೂಜಿಯ ಕಡೆ ನೋಡುತ್ತಾ. “ಹೇಗಿದೆ ಹೇಳು. ನನ್ನ ಮುಖ ನೋಡಿ ಸುಳ್ಳು ಹೇಳಿದ್ಯೋ, ಡಬ್ಬಿ ಸಮೇತ ಆಚೆಗೆ ಹಾಕ್ತೀನಿ.”

ಯಿನ್ ಶ್ವೆ ಸುಳ್ಳು ಹೇಳಲು ನೋಡಿದಳು. ಆಗಲಿಲ್ಲ. ಆ ಬಾಯಿಗೆ ಅದು ಯಾವತ್ತೂ ಬರುತ್ತಿರಲಿಲ್ಲ.

“ಮೊದಲರ್ಧ ಈಗಲೂ ಚೆನ್ನಾಗಿಲ್ಲ. ಅಳು ಜಾಸ್ತಿ. ಎರಡನೇದು ಓದ್ತಾ ಓದ್ತಾ ನನಗೆ ಉಸಿರು ಕಟ್ಟಿತು. ಆದ್ರೆ ಒಂದು ತಪ್ಪು ಮಾಡಿದೀಯ. ಆ ಮೊಹಿಂಗಾದವಳನ್ನ ತುಂಬಾ ಒಳ್ಳೆಯವಳು ಮಾಡಿಬಿಟ್ಟಿದೀಯ. ಅಷ್ಟು ಒಳ್ಳೆಯವರು ಯಾರೂ ಇರಲ್ಲ.”

ಸೇನ್ ಮ್ಯಾ ಕನ್ನಡಕ ತೆಗೆದು ಒರೆಸಿಕೊಂಡಳು.

“ಇದ್ದೆ ಕಣೇ,” ಎಂದಳು. “ಆಗ ನೀನು ಅಷ್ಟೇ ಒಳ್ಳೆಯವಳಾಗಿದ್ದೆ.”