ಅಣ್ಣಂದಿರನ್ನು ಹೊರಗೆ ಕೂರಿಸಿದ ಸಭೆ

ಅಂಗವಿಕಲರಿಗಾಗಿ ಕೆಲಸ ಮಾಡುವ ಸಂಸ್ಥೆಯೊಂದರ ಕಾರ್ಯದರ್ಶಿ ಫೋನ್ ಮಾಡಿದಾಗ ನಾನು ದೇವರಾಜ ಅರಸು ಬಡಾವಣೆಯ ನಮ್ಮ ಮನೆಯಲ್ಲಿ ಹತ್ತನೇ ತರಗತಿಯ ಮಕ್ಕಳಿಗೆ ಗಣಿತ ಹೇಳಿಕೊಡುತ್ತಿದ್ದೆ. ಅಂಗವಿಕಲರು ಊರಿನ ಎಲ್ಲ ವ್ಯವಹಾರಗಳಲ್ಲೂ ಪಾಲ್ಗೊಳ್ಳಬೇಕು ಎಂಬ ಉದ್ದೇಶದಿಂದ ಅವರು ದಾವಣಗೆರೆ ಮತ್ತು ಹರಿಹರದ ಸುತ್ತಮುತ್ತ ಐದು ವರ್ಷದ ಕಾರ್ಯಕ್ರಮವೊಂದನ್ನು ನಡೆಸುತ್ತಿದ್ದರು. ಅರ್ಧ ಅವಧಿ ಮುಗಿದಿತ್ತು. ಇಲ್ಲಿಯವರೆಗೆ ಆದದ್ದೇನು, ಮುಂದೆ ಬದಲಿಸಬೇಕಾದ್ದೇನು ಎಂದು ಹೊರಗಿನವರಿಂದ ಮೌಲ್ಯಮಾಪನ ಮಾಡಿಸಿ ಎಂದು ನೆರವು ಕೊಡುವವರು ಕೇಳಿದ್ದರಂತೆ. ಧಾರವಾಡದಿಂದ ಒಬ್ಬ ನಿವೃತ್ತ ಪ್ರಾಧ್ಯಾಪಕರು ಬರುತ್ತಾರೆ, ಅವರ ಜೊತೆ ನೀವೂ ಇರಬೇಕು ಎಂದರು ಕಾರ್ಯದರ್ಶಿ.

"ನಾನ್ಯಾಕ್ರಿ?" ಎಂದೆ.

"ತಂಡದಾಗ ಒಬ್ರು ಅಂಗವಿಕಲರು ಇರಬೇಕಂತ ಅವರು ಹೇಳ್ಯಾರೆ ಮೇಡಂ. ನೀವು ಓದಿದೋರು. ಜಾಸ್ತಿ ಏನೂ ಕೆಲಸ ಇರಲ್ಲ ಬಿಡ್ರಿ. ಸುಮ್ನೆ ಜೊತಿಗೆ ಕುಂತಿದ್ರೆ ಸಾಕು, ಸರ್ ಎಲ್ಲಾ ನೋಡ್ಕೊಂತಾರೆ."

ಆ ಕೊನೆಯ ಮಾತಿಗಾಗಿಯೇ ನಾನು ಒಪ್ಪಿಕೊಂಡೆ. ಎಳೆಮಗುವಾಗಿದ್ದಾಗ ಪೋಲಿಯೊ ಬಂದು ನನ್ನ ಬಲಗಾಲು ಸೊರಗಿತು. ಅಂದಿನಿಂದ ಮದುವೆಮನೆ, ಶಾಲೆ, ನೆಂಟರ ಮನೆ ಎಲ್ಲೇ ಹೋದರೂ ಜನ ನನಗೊಂದು ಕುರ್ಚಿ ತೋರಿಸಿ ಸುಮ್ಮನೆ ಕುಂತ್ಕೊ ಎನ್ನುತ್ತಲೇ ಬಂದಿದ್ದಾರೆ. ಅದನ್ನು ಪ್ರೀತಿಯಿಂದಲೇ ಹೇಳುತ್ತಾರೆ. ಆದರೂ ಆ ಮಾತು ಕಿವಿಗೆ ಬಿದ್ದ ಕೂಡಲೇ ನನಗೆ ಎದ್ದು ನಿಲ್ಲಬೇಕೆನ್ನಿಸುತ್ತದೆ.

ಪ್ರಾಧ್ಯಾಪಕರು ಮೆದು ಮಾತಿನವರು, ಇಂಥ ಮೌಲ್ಯಮಾಪನಗಳನ್ನು ಎಷ್ಟೋ ಮಾಡಿ ಪಳಗಿದವರು. ಮೊದಲ ದಿನ ಸಂಸ್ಥೆಯ ಜೀಪಿನಲ್ಲಿ ನಮ್ಮನ್ನು ಭಾನುವಳ್ಳಿಗೆ ಕರೆದೊಯ್ದರು. ಅಲ್ಲಿನ ಅಂಗವಿಕಲರ ಸಂಘವೇ ಇಡೀ ಕಾರ್ಯಕ್ರಮದಲ್ಲಿ ಮಾದರಿ ಎಂದು ಕಾರ್ಯದರ್ಶಿ ದಾರಿಯುದ್ದಕ್ಕೂ ಹೇಳಿದರು. ತಪ್ಪದೆ ಸಭೆ ಸೇರುತ್ತಾರೆ, ಅಧ್ಯಕ್ಷೆ ಒಬ್ಬ ಅಂಧ ಹೆಣ್ಣುಮಗಳು, ಬೇಕಾದರೆ ನೀವೇ ನೋಡಿ ಎಂದರು.

ಸಮುದಾಯ ಭವನ ತುಂಬಿತ್ತು. ಮುಂದಿನ ಸಾಲಿನಲ್ಲಿ ಸಂಘದವರು, ಅವರ ಹಿಂದೆ ಒಬ್ಬೊಬ್ಬರಿಗೂ ಒಬ್ಬ ಅಣ್ಣನೋ ಅಪ್ಪನೋ ಗಂಡನೋ. ಪ್ರಾಧ್ಯಾಪಕರು ಕೇಳಿದ ಪ್ರತಿಯೊಂದು ಪ್ರಶ್ನೆಗೂ ಉತ್ತರ ಹಿಂದಿನ ಸಾಲಿನಿಂದಲೇ ಬಂತು. ಸಂಸ್ಥೆಯಿಂದ ಏನು ಅನುಕೂಲವಾಯಿತು ಎಂದರೆ ಹಿಂದಿನವರು ಹೇಳಿದರು. ಮುಂದೆ ಏನು ಬೇಕು ಎಂದರೆ ಅದನ್ನೂ ಅವರೇ ಹೇಳಿದರು. ಅಧ್ಯಕ್ಷೆಯ ಸರದಿ ಬಂದಾಗ ಅವಳ ಅಣ್ಣ ಎದ್ದು ನಿಂತ. ಕಟ್ಟುಮಸ್ತಾದ ಆಳು, ನೀರು ಕಟ್ಟಲು ಗದ್ದೆಗೆ ಹೋಗಿ ನೇರ ಅಲ್ಲಿಂದಲೇ ಬಂದಿದ್ದ. "ನಮ್ಮ ತಂಗಿಗೆ ಯಾವುದಕ್ಕೂ ಕಮ್ಮಿ ಮಾಡಿಲ್ರಿ ಸರ್. ಸಂಘದ ಕೆಲಸಕ್ಕೆ ಹರಿಹರಕ್ಕೆ ಹೋಗಬೇಕಂದ್ರೆ ನಾನೇ ಹೋಗಿಬರ್ತೀನಿ. ಆಕಿ ಮನೆ ಬಿಟ್ಟು ಅಲುಗಾಡಂಗಿಲ್ಲ," ಎಂದ. ಅವನ ದನಿಯಲ್ಲಿ ಹೆಮ್ಮೆಯಿತ್ತು. ತಂಗಿ ತಲೆ ತಗ್ಗಿಸಿ ಸೀರೆಯ ಸೆರಗನ್ನು ಬೆರಳಿಗೆ ಸುತ್ತುತ್ತಿದ್ದಳು.

ನಾನು ಊರುಗೋಲು ಊರಿ ಎದ್ದೆ. "ಅಂಗವಿಕಲರು ಅಷ್ಟೇ ಒಳಗಿರ್ರಿ. ಅವರ ಮನೆಯೋರೆಲ್ಲ ಸ್ವಲ್ಪ ಹೊತ್ತು ಹೊರಗೆ ಕುಂತ್ಕೊಳ್ರಿ," ಎಂದೆ.

ಗದ್ದಲವೆದ್ದಿತು. ಆಕೆಗೆ ಸರಿಯಾಗಿ ಮಾತು ಬರಲ್ಲ ಎಂದರು ಒಬ್ಬರು. ಇವನು ಗಾಬರಿ ಬೀಳ್ತಾನೆ ಎಂದರು ಇನ್ನೊಬ್ಬರು. ಕಾರ್ಯದರ್ಶಿ ನನ್ನ ಹತ್ತಿರ ಬಗ್ಗಿ, "ಊರೋರು ಬೇಜಾರಾಗ್ತಾರೆ ಮೇಡಂ, ನಾಳೆ ನಾವು ಇಲ್ಲಿಗೇ ಬರಬೇಕು," ಎಂದು ಪಿಸುಗುಟ್ಟಿದರು. ಪ್ರಾಧ್ಯಾಪಕರು ಕನ್ನಡಕ ತೆಗೆದು ಒರೆಸತೊಡಗಿದರು.

"ಬೇಜಾರಾಗ್ಲಿ ಬಿಡ್ರಿ," ಎಂದೆ. "ನನ್ನ ಕರ್ಕೊಂಡು ಬಂದಿದ್ದು ನೀವೇ ಅಲ್ವಾ? ಕುಂದ್ರು ಅಂದ್ರೆ ಕುಂದ್ರಾಕೆ ನಾನು ಬಂದಿಲ್ಲ. ಇವರು ಹೊರಗೆ ಹೋಗಲಿಲ್ಲ ಅಂದ್ರೆ ನಾನು ಹೋಗ್ತೀನಿ."

ಹೊರಗೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ, ಚಹಾ ಸಿದ್ಧವಾಗಿತ್ತು. ಸಭೆ ಮುಗಿದ ಮೇಲೆ ಕೊಡಲೆಂದು ತರಿಸಿದ್ದನ್ನು ಮೊದಲೇ ಹಂಚಲು ಹೇಳಿದೆ. ಗೊಣಗುತ್ತ ಒಬ್ಬೊಬ್ಬರೇ ಎದ್ದರು. ಎಲ್ಲರಿಗಿಂತ ಕೊನೆಗೆ ಹೊರಗೆ ಹೋದವನು ಅಧ್ಯಕ್ಷೆಯ ಅಣ್ಣ. ಬಾಗಿಲನ್ನು ನಾನೇ ಮುಂದಕ್ಕೆಳೆದೆ.

ಒಳಗಿದ್ದವರೆಲ್ಲ ಬಾಗಿಲ ಕಡೆಗೇ ಮುಖ ಮಾಡಿ ಕೂತಿದ್ದರು. ನಾನು ತಪ್ಪು ಮಾಡಿದೆನೇನೋ ಅನ್ನಿಸತೊಡಗಿತು. ಅಷ್ಟರಲ್ಲಿ ಅಧ್ಯಕ್ಷೆ ತಲೆಯೆತ್ತಿ ಕೇಳಿದಳು, "ಎಲ್ಲಾ ಹೋದ್ರೇನ್ರಿ?"

"ಹೋದ್ರು," ಎಂದೆ.

"ಹಂಗಾದ್ರೆ ಕೇಳ್ರಿ ಅಕ್ಕಾರೆ. ನಾನು ಹೆಸರಿಗೆ ಅಧ್ಯಕ್ಷೆ. ಹರಿಹರದಾಗ ನಿಮ್ಮ ಸಭೆ ಎಲ್ಲಿ ನಡಿತೈತೆ ಅನ್ನೋದೇ ನನಗೆ ಗೊತ್ತಿಲ್ಲ. ಅಲ್ಲಿ ಕುಂತು ಮಾತಾಡೋದು ನಮ್ಮಣ್ಣ. ನಾನು ಹಾಸ್ಟೆಲ್‌ನಾಗಿದ್ದು ಹತ್ತನೇ ಕ್ಲಾಸು ಮುಗಿಸಿದೋಳು. ದಾವಣಗೆರೆ ಬಸ್ ಸ್ಟ್ಯಾಂಡಿನಾಗ ಒಬ್ಬಾಕಿನೇ ಓಡಾಡಿದೋಳು. ಸಂಸ್ಥೆಯೋರು ಕೊಟ್ಟ ಬಿಳಿ ಕೋಲು ಅಟ್ಟದ ಮ್ಯಾಲೆ ಐತೆ. ಮಂದಿ ನೋಡಿದ್ರೆ ಏನಂದಾರು ಅಂತ ಅವ್ವ ಇಟ್ಟಾಳೆ. ನನಗೆ ಬಾಯಿಲ್ಲೇನ್ರಿ?"

ಆಮೇಲೆ ಕಟ್ಟೆ ಒಡೆದಂತಾಯಿತು. ಮಾತು ತೊದಲುವ ಹುಡುಗಿಯೊಬ್ಬಳು, ಸಮಯ ಹಿಡಿದರೂ ಬಿಡದೆ, ತನಗೆ ಕೊಟ್ಟ ಹೊಲಿಗೆ ಯಂತ್ರ ಬೇಡ, ಅಂಗಡಿ ಬೇಕು ಎಂದು ಹೇಳಿ ಮುಗಿಸಿದಳು. ಕೈಯಿಲ್ಲದ ಮುದುಕರೊಬ್ಬರು ತಮ್ಮ ಪಿಂಚಣಿಯ ಕಾರ್ಡು ಮಗನ ಹತ್ತಿರ ಇರುವುದನ್ನು ಹೇಳಿ ಅತ್ತರು. ಪ್ರಾಧ್ಯಾಪಕರು ಬರೆಯುತ್ತಲೇ ಇದ್ದರು. ಕಾರ್ಯದರ್ಶಿ ಮಾತ್ರ ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದರು. ಅವರು ಕೆಟ್ಟವರಲ್ಲ. ಬಿಸಿಲು ಮಳೆ ಎನ್ನದೆ ಈ ಊರುಗಳಿಗೆಲ್ಲ ಅಲೆದವರು. ಆದರೆ ಬಾಗಿಲು ಹಾಕಿದ ಕೋಣೆಯಲ್ಲಿ ಈ ಜನರ ಜೊತೆ ಅವರು ಎಂದೂ ಕೂತಿರಲಿಲ್ಲ.

ಮರುದಿನ ಹರಿಹರದಲ್ಲಿ ಎಲ್ಲ ಸಂಘಗಳ ಪ್ರತಿನಿಧಿಗಳ ಸಭೆಯಿತ್ತು. ಜೀಪು ಕಳಿಸುತ್ತೇನೆ ಎಂದರು ಕಾರ್ಯದರ್ಶಿ. "ಬ್ಯಾಡ್ರಿ ಸರ್, ನಾನು ಬಸ್ಸಿಗೆ ಬರ್ತೀನಿ," ಎಂದಳು ಅಧ್ಯಕ್ಷೆ. ಹೊರಗಿದ್ದ ಅಣ್ಣನಿಗೆ ಅದು ಕೇಳಿಸಿತು. "ಕಾಲುವೆ ರಸ್ತಿ ಐತೆ, ಟ್ರ್ಯಾಕ್ಟರ್ ಓಡಾಡ್ತಾವೆ. ಏನಾರ ಆದ್ರೆ ಇವರು ಬರ್ತಾರೇನು?" ಎಂದು ನನ್ನ ಕಡೆ ಕೈ ತೋರಿಸಿ ಕೂಗಾಡಿದ. ಅವಳು ಅವನ ದನಿ ಬಂದ ಕಡೆಗೆ ತಿರುಗಿ, "ಅಟ್ಟದ ಮ್ಯಾಲಿನ ಕೋಲು ಇಳಿಸಿಕೊಡಣ್ಣ," ಎಂದಷ್ಟೇ ಹೇಳಿದಳು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅಣ್ಣ ಕೇಳಿದ್ದರಲ್ಲಿ ತಪ್ಪೇನಿತ್ತು? ಅವಳಿಗೇನಾದರೂ ಆದರೆ ನಾನು ಏನೆಂದು ಮುಖ ತೋರಿಸಲಿ? ಬೆಳಿಗ್ಗೆ ಸೈಡ್ ವೀಲ್ ಹಾಕಿಸಿದ ನನ್ನ ಸ್ಕೂಟಿಯಲ್ಲಿ ಹರಿಹರಕ್ಕೆ ಬೇಗನೆ ಹೋಗಿ, ಸಭೆ ಗೊತ್ತುಮಾಡಿದ್ದ ಶಾಲೆಯ ಗೇಟಿನಲ್ಲೇ ಕಾಯುತ್ತ ನಿಂತೆ. ಸಭೆ ಶುರುವಾಗುವ ಹೊತ್ತಾಯಿತು, ಅವಳ ಸುಳಿವಿಲ್ಲ. ಪ್ರಾಧ್ಯಾಪಕರು ಒಳಗೆ ಕರೆದರು. ನಾನು ಅಲುಗಾಡಲಿಲ್ಲ.

ಕೊನೆಗೆ ರಸ್ತೆಯ ತಿರುವಿನಲ್ಲಿ ಬಿಳಿ ಕೋಲು ಕಾಣಿಸಿತು. ಗೋಡೆ ಪಕ್ಕದಲ್ಲಿ ತಡವುತ್ತ, ನಿಂತು ಯಾರನ್ನೋ ಕೇಳುತ್ತ, ಮತ್ತೆ ಮುಂದಕ್ಕೆ. ಹತ್ತಿರ ಬಂದಾಗ ಅವಳ ಮುಖವೆಲ್ಲ ಬೆವರಾಗಿತ್ತು, ಮೊಣಕೈ ತರಚಿತ್ತು. "ಚರಂಡಿ ಕಲ್ಲು ಎಡವಿದೆ, ಏನೂ ಆಗಿಲ್ಲ ಬಿಡ್ರಿ," ಎಂದು ನಕ್ಕಳು. "ಕಂಡಕ್ಟರ್ ಜೊತಿಗೆ ಯಾರಿಲ್ಲೇನಮ್ಮ ಅಂದ. ನಿನ್ನ ಜೊತಿಗೆ ಯಾರದಾರಪ್ಪ ಅಂದೆ. ಬಸ್ಸೆಲ್ಲ ನಕ್ಕಿತು."

ಆಮೇಲೆ ದನಿ ತಗ್ಗಿಸಿದಳು. "ಅಕ್ಕಾರೆ, ನಮ್ಮಣ್ಣ ಬಂದಾನೆ. ಬಸ್ಸು ನಿಂತಲ್ಲೆಲ್ಲ ಹಿಂದೆ ಅವನ ಬೈಕ್ ಸಪ್ಪಳ ಕೇಳ್ತಿತ್ತು. ಸೈಲೆನ್ಸರ್ ಒಡೆದೈತೆ, ಊರಿಗೇ ಗೊತ್ತಾಗ್ತೈತೆ. ನಾನು ಬಿದ್ದಾಗ್ಲೂ ಅಲ್ಲೇ ಇದ್ದ. ಎತ್ತಾಕೆ ಬರಲಿಲ್ಲ ನೋಡ್ರಿ."

ರಸ್ತೆಯಾಚೆ ಬೇವಿನ ಮರದ ಕೆಳಗೆ ಅವನು ಬೈಕಿನ ಮೇಲೆ ಕೂತಿದ್ದ. ನನ್ನನ್ನು ಕಂಡು ಮುಖ ತಿರುಗಿಸಿದ. ಸಭೆ ಮುಗಿಯುವವರೆಗೂ ಒಳಗೆ ಕಾಲಿಡಲಿಲ್ಲ.

ವರದಿ ಬರೆಯುವಾಗ ನನಗೂ ಪ್ರಾಧ್ಯಾಪಕರಿಗೂ ಜಟಾಪಟಿಯಾಯಿತು. ಅಂಗವಿಕಲರನ್ನು ಕೇಳದೆಯೇ ಅವರ ಕಾರ್ಯಕ್ರಮ ನಡೆದಿದೆ ಎಂದು ನಾನು ಬರೆದಿದ್ದೆ. ಅವರು ಅದನ್ನು "ಪಾಲ್ಗೊಳ್ಳುವಿಕೆಯನ್ನು ಇನ್ನಷ್ಟು ಬಲಪಡಿಸಲು ಅವಕಾಶವಿದೆ" ಎಂದು ತಿದ್ದಿದ್ದರು. "ಇನ್ನಷ್ಟು ಅಂತ ಯಾಕ ಬರಿತೀರಿ ಸರ್? ಇಲ್ಲದ್ದನ್ನ ಹೆಂಗೆ ಬಲಪಡಿಸೋದು?" ಎಂದೆ. ಅವರು ಸಿಟ್ಟಾಗಲಿಲ್ಲ. ಒಂದು ದಿನ ಯೋಚಿಸಿ, ನನ್ನ ವಾಕ್ಯವನ್ನು ನನ್ನ ಮಾತಿನಲ್ಲೇ ಉಳಿಸಿದರು.

ವರದಿಯನ್ನು ಸಂಸ್ಥೆಯ ಆಡಳಿತ ಸಮಿತಿಯ ಮುಂದೆ ಓದಬೇಕಿತ್ತು. ಕೆ.ಬಿ. ಬಡಾವಣೆಯಲ್ಲಿರುವ ಸಂಸ್ಥೆಯ ಕಚೇರಿ ಎರಡನೇ ಮಹಡಿಯಲ್ಲಿದೆ, ಲಿಫ್ಟ್ ಇಲ್ಲ. ಕಾರ್ಯದರ್ಶಿ ಕೆಳಗಿಳಿದು ಬಂದು, "ನಮ್ಮ ಹುಡುಗ್ರು ಅದಾರೆ ಮೇಡಂ, ಕುರ್ಚಿ ಸಮೇತ ಎತ್ತಿ ತರ್ತಾರೆ," ಎಂದರು.

"ನಾನೇನು ಪಲ್ಲಕ್ಕಿ ಮ್ಯಾಲಿನ ದೇವರಲ್ಲ. ಸಮಿತಿಯೋರಿಗೆ ಕಾಲು ಚೆನ್ನಾಗದಾವಲ್ಲ, ಅವರೇ ಇಳಿದು ಬರಲಿ," ಎಂದೆ. ಭಾನುವಳ್ಳಿಯ ಅಧ್ಯಕ್ಷೆಯೂ ಬಂದಿದ್ದಳು. ಮೆಟ್ಟಿಲು ಹತ್ತುವುದು ಅವಳಿಗೆ ಕಷ್ಟವಿರಲಿಲ್ಲ. ಆದರೂ ನನ್ನ ಪಕ್ಕದಲ್ಲೇ ನಿಂತಳು.

ಸಮಿತಿಯವರು ಇಳಿದು ಬಂದರು, ಬಹಳ ಹೊತ್ತಾದ ಮೇಲೆ, ಮುಖ ಸಿಂಡರಿಸಿಕೊಂಡು. ಕೆಳಗಡೆ ಬೈಕ್ ನಿಲ್ಲಿಸುವ ಜಾಗದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿದರು. ಪಕ್ಕದ ಗಿರಣಿಯ ಸದ್ದಿನಲ್ಲಿ ನಾನು ಗಂಟಲು ಹರಿಯುವಂತೆ ಓದಿದೆ. ಮುಗಿದ ಮೇಲೆ ಸಮಿತಿಯ ಅಧ್ಯಕ್ಷರು, ವಯಸ್ಸಾದ ಬಟ್ಟೆ ವ್ಯಾಪಾರಿ, ನೊಂದುಕೊಂಡು ಕೇಳಿದರು: "ಹಂಗಾದ್ರೆ ನಾವು ಇಷ್ಟು ವರ್ಷ ಮಾಡಿದ್ದೆಲ್ಲ ಬೇಕಾರ್ ಏನಮ್ಮ?"

"ಹಂಗಂದಿಲ್ಲ ಯಜಮಾನ್ರೆ," ಎಂದೆ. "ಶಾಲೆಗಳಿಗೆ ಇಳಿಜಾರು ಕಟ್ಟಿಸೀರಿ, ಗಾಲಿಕುರ್ಚಿ ಕೊಡಿಸೀರಿ, ಎಲ್ಲಾ ವರದಿಯೊಳಗೈತೆ. ಆದ್ರೆ ನಿಮಗೇನು ಬೇಕಂತ ನಮ್ಮನ್ನ ಯಾರೂ ಕೇಳಲಿಲ್ಲ. ಊರಾಗ ಅಣ್ಣ ಮಾತಾಡ್ತಾನೆ, ಇಲ್ಲಿ ನೀವು ಮಾತಾಡ್ತೀರಿ. ನಾವು ಯಾವಾಗ ಮಾತಾಡೋದು?"

ಅವರು ನನ್ನ ಕೈಯಿಂದ ವರದಿ ಇಸಿದುಕೊಂಡು ಮೆಟ್ಟಿಲು ಹತ್ತಿದರು. ಮುಂದಿನ ಸಭೆಗಳಲ್ಲಿ ಬಹಳ ಜಗ್ಗಾಟ ನಡೆಯಿತೆಂದು ಪ್ರಾಧ್ಯಾಪಕರಿಂದ ತಿಳಿಯಿತು. ಕೊನೆಗೆ ಸಂಘಗಳಿಂದ ಇಬ್ಬರನ್ನು ಸಮಿತಿಗೆ ಸೇರಿಸಿಕೊಂಡರು. ಹೊಲಿಗೆ ಯಂತ್ರ ಹಂಚುವುದನ್ನು ನಿಲ್ಲಿಸಿ ಯಾರಿಗೆ ಏನು ಬೇಕೆಂದು ಕೇಳತೊಡಗಿದರು. ಕಚೇರಿ ಮಾತ್ರ ಎರಡನೇ ಮಹಡಿಯಲ್ಲೇ ಉಳಿಯಿತು. ಐದು ವರ್ಷ ಮುಗಿದಾಗ ನಡೆಯುವ ಕೊನೆಯ ಮೌಲ್ಯಮಾಪನಕ್ಕೆ ನನ್ನನ್ನು ಕರೆಯುವುದಿಲ್ಲ ಎಂದು ಆಗಲೇ ಸೂಚನೆ ಬಂದಿದೆ. ಕರೆಯದಿದ್ದರೆ ಹೋಗದೆ ಬಿಡುತ್ತೇನೆ ಎಂದು ಅವರು ತಿಳಿದಿದ್ದರೆ ಅದು ಅವರ ತಪ್ಪು.

ಸಮಿತಿಗೆ ಸೇರಿದ ಇಬ್ಬರಲ್ಲಿ ಭಾನುವಳ್ಳಿಯವಳೂ ಒಬ್ಬಳು. ತನ್ನ ಮೊದಲ ಸಭೆ ಹೇಗಾಯಿತೆಂದು ಫೋನಿನಲ್ಲಿ ಹೇಳಿದಳು. ಹಿಂದಿನ ಸಭೆಯ ನಡಾವಳಿಯನ್ನು ಮುಂದಿಟ್ಟು, ಎಲ್ಲರೂ ಒಪ್ಪಿದ್ದಾರೆ, ನೀವೂ ಹೆಬ್ಬೆಟ್ಟು ಒತ್ತಿ ಎಂದರಂತೆ.

"ನನಗೆ ಸಹಿ ಮಾಡಾಕೆ ಬರ್ತೈತೆ, ಆದ್ರೆ ಮೊದ್ಲು ಓದ್ರಿ ಅಂದೆ ಅಕ್ಕಾರೆ. ಅಷ್ಟೂ ಓದಬೇಕಾ ಅಂದ್ರು. ಅಷ್ಟೂ ಓದ್ರಿ, ನನಗೇನು ಅವಸರಿಲ್ಲ ಅಂದೆ."

"ಓದಿದ್ರಾ?"

"ಊಟದ ಹೊತ್ತು ಮೀರಿ ಹೋಯ್ತು ನೋಡ್ರಿ. ಅರ್ಧ ಓದಿದ ಮ್ಯಾಲೆ, ಇದು ನನಗೆ ಸರಿ ಅನಸವಲ್ದು, ಇನ್ನೊಮ್ಮೆ ಓದ್ರಿ ಅಂದೆ."