ಹಂದರದ ತಂತಿ, ಅಜ್ಜಿಯ ಕೈಯ ಮೀಟರು

ನಿಜಾಮರ ಆಳ್ವಿಕೆಯ ಕಡೆಯ ವರ್ಷಗಳಲ್ಲಿ ನಾನು ಲಿಂಗಸುಗೂರಿನ ಒಂದು ಮೋಟಾರು ಷೆಡ್ಡಿನಲ್ಲಿ ಮೆಕ್ಯಾನಿಕ್ ಆಗಿದ್ದೆ. ಐದಕ್ಕೆ ಏಳುವುದು, ಐದೂವರೆಗೆ ಬ್ಯಾಟರಿಗಳಿಗೆ ನೀರು ನೋಡುವುದು, ಆರಕ್ಕೆ ಸಿಂಧನೂರಿನ ಬಸ್ಸು ಹೊರಡಿಸುವುದು. ಈ ಕ್ರಮ ತಪ್ಪಿದ್ದು ನನ್ನ ಮದುವೆಯಲ್ಲಿ ಮಾತ್ರ.

ಹೆಣ್ಣು ಮಸ್ಕಿಯವಳು. ಆ ಊರಿಗೆ ಆಗ ಕರೆಂಟು ಬಂದಿರಲಿಲ್ಲ. "ಹಂದರಕ್ಕ ನಾನೇ ಲೈಟ್ ಹಾಕ್ತೀನ್ರಿ ಮಾವ" ಎಂದು ಹೇಳಿಬಿಟ್ಟಿದ್ದೆ. ಮಾವ ಅದನ್ನು ಊರಿಗೆಲ್ಲ ಸಾರಿದ್ದರು.

ಮದುವೆಯ ಹಿಂದಿನ ದಿನ ಬೆಳಿಗ್ಗೆ, ಷೆಡ್ಡಿನ ಯಜಮಾನರನ್ನು ಕೇಳಿ ತಂದ ಹನ್ನೆರಡು ವೋಲ್ಟಿನ ಬ್ಯಾಟರಿ, ಬಸ್ಸಿನ ಬಲ್ಬುಗಳು, ತುಂಡುತುಂಡಾದ ತಾಮ್ರದ ತಂತಿಯೊಡನೆ ಮಸ್ಕಿಯಲ್ಲಿ ಇಳಿದೆ. ಕಿಸೆ ಗಡಿಯಾರದಷ್ಟೇ ಇದ್ದ, ವೋಲ್ಟು ಅಳೆಯುವ ನನ್ನ ಅಗ್ಗದ ಮೀಟರಿನಿಂದ ಒಂದೊಂದೇ ತುಂಡನ್ನು ಪರೀಕ್ಷಿಸಿದೆ. ಬ್ಯಾಟರಿ, ತಂತಿ, ಮೀಟರು ಸಾಲಾಗಿ ಹಿಡಿದರೆ ಮುಳ್ಳು ಪೂರಾ ಹನ್ನೆರಡು. ಗಂಟು ಹಾಕಬೇಕಾದ ಆರು ಕಡೆ ತುದಿಗಳ ಹೊದಿಕೆ ಸುಲಿದಿಟ್ಟೆ. ಅಷ್ಟರಲ್ಲಿ ಅರಿಷಿಣಕ್ಕೆ ಕರೆದರು. "ಇವನ್ನ ಗಟ್ಟಿಯಾಗಿ ಹೊಸೆದು ಗಂಟು ಹಾಕ್ರಿ, ಸಾಕು" ಎಂದು ಮಾವನಿಗೆ ಒಪ್ಪಿಸಿ ಹೋದೆ.

ಮಧ್ಯಾಹ್ನ ಬಲ್ಬು ಹತ್ತಿಸಿದರು. ಬೂದಿ ಮುಚ್ಚಿದ ಕೆಂಡದಂತೆ ಮಿಣುಕಿದವು!

"ಅಳಿಯಪ್ಪ, ಇದಕ್ಕಿಂತ ನಮ್ಮ ಹಣತಿ ಭೇಷ್ ಉರಿತೈತಿ. ಮುದಗಲ್‌ನಾಗ ಪೆಟ್ರೋಮ್ಯಾಕ್ಸ್ ಸಿಗ್ತಾವ, ಆಳು ಕಳಸ್ಲೇನು?" ಎಂದರು ಮಾವ.

"ಒಂದು ತಾಸು ತಡೀರಿ."

ತಡೆಯಿರಿ ಎಂದೆ, ಆದರೆ ನಾನು ಏಳುವಂತಿರಲಿಲ್ಲ. ಅರಿಷಿಣ ಹಚ್ಚಿ ಕಂಬಳಿಯ ಮೇಲೆ ಕೂರಿಸಿದ ಮದುಮಗ ಅಕ್ಷತೆ ಬೀಳುವ ತನಕ ಯಾವ ಕೆಲಸಕ್ಕೂ ಕೈ ಹಚ್ಚಬಾರದು ಎಂದು ಹೆಣ್ಣಿನ ಅಜ್ಜಿ ಕಾವಲು ಕೂತಿದ್ದರು. ಹಾಗಾಗಿ ಮೀಟರನ್ನು ಅಜ್ಜಿಯ ಕೈಗೇ ಕೊಟ್ಟೆ.

ಮೊದಲು ಬಲ್ಬು ಆರಿಸಿ ಇಡೀ ತಂತಿಯನ್ನು ಬೆಳಗಿನಂತೆಯೇ ನೋಡಿಸಿದೆ. ಮತ್ತೆ ಹನ್ನೆರಡು! ಆಗ ತಲೆಗೆ ಹೊಳೆಯಿತು. ಮೀಟರು ಎಳೆಯುವುದು ಹನಿಯಷ್ಟು ಕರೆಂಟು. ಅದಕ್ಕೆ ತಂತಿಯ ಸಣ್ಣ ಅಡ್ಡಿ ಕಾಣುವುದೇ ಇಲ್ಲ. ಬಲ್ಬುಗಳು ಹೊಳೆಯಂತೆ ಎಳೆಯುವಾಗ ಅಳೆದರೆ ಅಡ್ಡಿಯಿದ್ದಲ್ಲಿ ವೋಲ್ಟು ಸಿಕ್ಕಿಬೀಳಬೇಕು.

"ಬಲ್ಬು ಮತ್ತ ಉರೀಲಿ. ಅಮ್ಮಾ, ಮೀಟರಿನ ಎರಡೂ ತಂತಿಕಾಲು ಗಂಟಿನ ಒಂದೇ ಕಡಿ ಇಡ್ರಿ, ಬರಿ ತಾಮ್ರದ ಮ್ಯಾಲೆ, ಎರಡು ಬೆರಳು ಅಂತರದಾಗ."

"ಮುಳ್ಳು ಮಲಗೇತಲ್ಲೋ!"

"ಮಲಗ್ಲಿ, ಅಲ್ಲಿ ಅಡ್ಡಿ ಇಲ್ಲ ಅಂತ. ಈಗ ಗಂಟಿನ ಆ ಕಡಿ ಒಂದು, ಈ ಕಡಿ ಒಂದು ಇಡ್ರಿ."

"ಅಯ್ಯ ಶಿವನೇ, ಎದ್ದು ಕೂತೇತಿ! ಒಂದರ ಹತ್ರ!"

ನಾನು ಕಂಬಳಿಯ ಮೇಲೆ ಕೂತಲ್ಲೇ ಕುಣಿದೆ. ಮುಂದಿನ ಗಂಟು, ಅದರ ಮುಂದಿನದು. ಅಜ್ಜಿ ಸೆರಗು ಸಿಕ್ಕಿಸಿ ಓಡುತ್ತ ಕೂಗುತ್ತಿದ್ದರು: "ಇಲ್ಲೂ ಒಂದು! ಇಲ್ಲೂ!" ಒಳಮನೆಯಿಂದ ಹೆಣ್ಣುಮಕ್ಕಳ ನಗು ಕೇಳುತ್ತಿತ್ತು. ಅದರಲ್ಲಿ ಒಂದು ನಗು ಯಾರದು ಎಂದು ಕೇಳುವ ಧೈರ್ಯ ನನಗಿರಲಿಲ್ಲ. ಆರು ಗಂಟು ಸೇರಿ ಆರು ವೋಲ್ಟಿನ ಹತ್ತಿರ ನುಂಗಿದ್ದವು. ಬಲ್ಬಿಗೆ ಉಳಿದದ್ದು ಅರ್ಧ.

"ಮಾವ, ಒಂದು ಗಂಟು ಬಿಚ್ಚಿ ನೋಡ್ರಿ, ಒಳಗೇನೈತಿ?"

ಬಿಚ್ಚಿದರು. ತಾಮ್ರದ ಮೇಲೆ ಬೆಳ್ಳಗೆ ಒಣಗಿದ ಲೇಪ.

ಮಾವ ಅಜ್ಜಿಯ ಮುಖ ನೋಡಿದರು. ಅಜ್ಜಿ ಮೀಟರನ್ನು ನೋಡಿದರು.

"ಹೊಸ ಸಾಮಾನಿಗೆ ಇಭೂತಿ ಹಚ್ಚಲಾರದ ಹ್ಯಾಂಗಪಾ ಕೂಡಸೋದು?" ಎಂದರು ಮೆಲ್ಲಗೆ. "ಹನ್ನೆರಡೂ ತುದಿಗೆ ನಾನೇ ಹಚ್ಚೀನಿ. ನೀರಾಗ ಕಲಸಿ, ದಪ್ಪಾಗಿ."

ವಿಭೂತಿಯನ್ನು ಒರೆಸಿರಿ ಎಂದು ಹೊಸ ಅಳಿಯ ಹೇಗೆ ಹೇಳಲಿ?

"ಅಮ್ಮಾ, ನಾವು ಇಭೂತಿ ಹಣಿಗೆ ಹಚ್ಕೊಂತೀವಿ, ಕಣ್ಣಾಗ ಹಾಕ್ಕೊಳ್ಳಂಗಿಲ್ಲ. ತಂತಿಗೆ ತುದಿನೇ ಕಣ್ಣು. ಗಂಟು ಹಾಕಿದ ಮ್ಯಾಲೆ ಮೇಲೆ ಹಚ್ರಿ."

ಅಜ್ಜಿ ತಮ್ಮ ಸೆರಗಿನಿಂದಲೇ ಒಂದೊಂದೇ ಗಂಟಿನಂತೆ ಹನ್ನೆರಡೂ ತುದಿ ಉಜ್ಜಿದರು. ಒಂದೊಂದು ಮುಗಿದಂತೆ ಮಾವ ಹೊಸೆದು ಬಲ್ಬು ಹತ್ತಿಸಿದರು. ಅಜ್ಜಿ ಗಂಟು ಗಂಟಿಗೂ ಮೀಟರು ಹಿಡಿದು, "ಮಲಗೇತಿ" ಎಂದ ಮೇಲೆಯೇ ಹೊರಗೆ ಮೂರು ಬೆರಳಿನ ಪಟ್ಟೆ ಎಳೆದರು. ಆರನೆಯ ಪಟ್ಟೆ ಎಳೆಯುವಷ್ಟರಲ್ಲಿ ಹಂದರವೆಲ್ಲ ಬೆಳ್ಳಗೆ ಬೆಳಗಿತು. ಹೊತ್ತು ಇನ್ನೂ ಮುಳುಗಿರಲಿಲ್ಲ, ಆದರೂ ಯಾರೂ ಆರಿಸಗೊಡಲಿಲ್ಲ.

ಮುದಗಲ್ಲಿಗೆ ಆಳು ಹೋಗಲಿಲ್ಲ. ಮರುದಿನ ಬೀಗರು ಬಂದಾಗಲೆಲ್ಲ ಅಜ್ಜಿ ಅವರನ್ನು ಹಂದರದ ಕಂಬದ ಬಳಿ ನಿಲ್ಲಿಸಿ, ಗಂಟಿಗೆ ಮೀಟರು ಹಿಡಿದು ತೋರಿಸುತ್ತಿದ್ದರು: "ನೋಡ್ರಿ, ಹ್ಯಾಂಗ ಮಲಗೇತಿ!"